ಪುಪ್ಪುಸ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧವೇನು, ಪ್ರಯೋಜನವೇನು. ಈ ಗ್ರಂಥಕ್ಕೆ ಅಧಿಕಾರಿಗಳು, 2021ರ ಏಪ್ರಿಲ್-ಮೇ ತಿಂಗಳಲ್ಲಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಯಾವುದಾದರೂ ಹಳ್ಳಿಯ ಕಟ್ಟೆಯ ಮೇಲೆ ಕೂತು ಇನ್ನೊಬ್ಬರ ಎದೆಯ ಸ್ಕ್ಯಾನ್ ಹಾಳೆಯನ್ನು ಸೂರ್ಯನಿಗೆ ಹಿಡಿದು ನೋಡಿದವರೆಲ್ಲ. ವಿಷಯ, ವೈರಸ್ ಸೋಂಕಿನಿಂದ ತೀರಿಕೊಂಡವರ ಪುಪ್ಪುಸದೊಳಗೆ ಏನಾಗಿತ್ತು ಎಂಬುದು. ಸಂಬಂಧ, ತೀರಿಕೊಂಡವರು ನಮ್ಮವರು. ಪ್ರಯೋಜನ ಅವರಿಗಂತೂ ಇಲ್ಲ. ಮುಂದಿನ ಸಲ ಉಳಿದುಕೊಳ್ಳಬೇಕು ಎನ್ನುವವರಿಗೆ ಇದ್ದರೂ ಇದ್ದೀತು.

ಈಗ ಲಕ್ಷಣ. ಪುಪ್ಪುಸಕ್ಕೆ ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಎಡಕ್ಕೆ ಒಂದು ಕಡಿಮೆ, ಯಾಕೆಂದರೆ ಅಲ್ಲಿ ಹೃದಯಕ್ಕೂ ಜಾಗ ಬೇಕು. ಒಳಗೆ ಮೂವತ್ತು ಕೋಟಿಗೂ ಮಿಕ್ಕ ಗಾಳಿಗೂಡುಗಳು. ಗೂಡಿನೊಳಗೆ ಗಾಳಿ, ಗೂಡಿನ ಹೊರಗೆ ರಕ್ತ, ನಡುವಿನ ಪರದೆ ತೆಳುವಾಗಿರುವ ಕಡೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ದಪ್ಪವೂ ಇಲ್ಲ. ಆಮ್ಲಜನಕ ದಾಟಬೇಕಾದದ್ದು ಅಷ್ಟನ್ನೇ. ಉಸಿರು ಬಿಟ್ಟಾಗ ಗೂಡು ಮುದುಡಿ ಅಂಟಿಕೊಳ್ಳದಿರಲಿ ಎಂದು ಒಳಗಡೆ ಒಂದು ಜಿಡ್ಡಿನ ಲೇಪವಿದೆ. ಈ ಲೇಪವನ್ನು ತಯಾರಿಸುವ ಕೋಶಗಳನ್ನು ವೈದ್ಯರು ‘ಎರಡನೇ ಮಾದರಿಯವು’ ಎಂದು ಕರೆಯುತ್ತಾರೆ. ಕೊರೊನಾ ವೈರಸ್ ಪುಪ್ಪುಸಕ್ಕೆ ಇಳಿದ ಮೇಲೆ ಹುಡುಕಿಕೊಂಡು ಹೋಗಿ ಹೊಕ್ಕದ್ದು ಮುಖ್ಯವಾಗಿ ಇವುಗಳನ್ನೇ. ಮಿಕ್ಕ ಅನಾಹುತಗಳೆಲ್ಲ ಅಲ್ಲಿಂದ ಶುರು.

ಹಿಂದಿನ ಆಚಾರ್ಯರು, ಅಂದರೆ ಸೂಕ್ಷ್ಮದರ್ಶಕದ ಕೆಳಗೆ ಅಂಗಾಂಶ ನೋಡುವ ರೋಗಶಾಸ್ತ್ರಜ್ಞರು, ಕೆಟ್ಟ ಪುಪ್ಪುಸವನ್ನು ಕಾಲದ ಮೇಲೆ ವಿಂಗಡಿಸಿದ್ದಾರೆ. ಅದನ್ನು ಮುಂದೆ ಹೇಳುತ್ತೇನೆ. ಪ್ರಸ್ತುತ ಗ್ರಂಥಕಾರನ ಪಂಥ ಬೇರೆ. ಪುಪ್ಪುಸ ಹೇಗಿತ್ತು ಎಂದು ಕೇಳುವ ಮೊದಲು, ಹಾಗಿತ್ತೆಂದು ನಿನಗೆ ಗೊತ್ತಾದದ್ದು ಹೇಗೆ ಎಂದು ಕೇಳಬೇಕು ಎನ್ನುವುದು ನಮ್ಮ ಸಿದ್ಧಾಂತ. ಕುಮಾರಿಲ ಭಟ್ಟನ ಮತದ ಮೀಮಾಂಸಕರು ತಿಳಿವಿಗೆ ಆರು ದಾರಿಗಳನ್ನು ಒಪ್ಪಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಆದ್ದರಿಂದ ಸತ್ತವರ ಪುಪ್ಪುಸಗಳಲ್ಲೂ ಆರು ಜಾತಿ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ನಂಬಿದರು. ಅವರ ಲೆಕ್ಕ ಹಿಡಿದರೆ ನಮ್ಮ ಕಡೆ ಯಾರ ಪುಪ್ಪುಸವೂ ಕೆಟ್ಟೇ ಇರಲಿಲ್ಲ ಎಂದಾಗುತ್ತದೆ, ಯಾಕೆಂದರೆ ಕಟ್ಟೆಯವರಲ್ಲಿ ಒಬ್ಬರೂ ತೆರೆದು ನೋಡಿದವರಿಲ್ಲ.

ಪ್ರತ್ಯಕ್ಷ ಪುಪ್ಪುಸ

ಎಲ್ಲಕ್ಕಿಂತ ವಿರಳ ಜಾತಿ ಇದು. 2020ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರಡಿಸಿದ ಮಾರ್ಗಸೂಚಿ, ಕೋವಿಡ್‌ನಿಂದ ಸತ್ತವರ ದೇಹ ಕೊಯ್ದು ನೋಡುವ ಪರೀಕ್ಷೆ ಆದಷ್ಟು ಬೇಡ ಎಂದಿತು. ಶವಾಗಾರದ ಕೆಲಸಗಾರರಿಗೆ ಸೋಂಕು ತಗಲೀತೆಂಬ ಭಯ. ಆಗ ಅದು ತಪ್ಪೇನಲ್ಲ. ಆದರೆ ಅದರ ಫಲವಾಗಿ ರೋಗ ಒಳಗೆ ಮಾಡಿದ್ದೇನು ಎಂಬುದು ಪ್ಲಾಸ್ಟಿಕ್ ಚೀಲದೊಳಗೇ ಉಳಿದು ಚಿತೆಗೋ ಗುಂಡಿಗೋ ಹೋಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ನ್ಯಾಯವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥ ಡಾ. ದಿನೇಶ್ ರಾವ್ 62 ವರ್ಷದ ಒಬ್ಬರ ಶವಪರೀಕ್ಷೆ ಮಾಡಿದರು. ಅವರು ಕಂಡದ್ದು ಇದು: ಎರಡೂ ಪುಪ್ಪುಸ ಸೇರಿ 600ರಿಂದ 700 ಗ್ರಾಂ ತೂಗಬೇಕಾದಲ್ಲಿ 2,180 ಗ್ರಾಂ. ಮುಟ್ಟಿದರೆ ಸ್ಪಂಜಿನ ಹಾಗೆ ಒತ್ತಬೇಕಾದದ್ದು ಚರ್ಮದ ಚೆಂಡಿನಷ್ಟು ಗಟ್ಟಿ. ಗಾಳಿಗೂಡುಗಳು ಒಡೆದಿದ್ದವು, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸತ್ತು 18 ತಾಸಾದ ಮೇಲೂ ಗಂಟಲು, ಮೂಗಿನಲ್ಲಿ ವೈರಸ್ ಸಿಕ್ಕಿತು. ಚರ್ಮದ ಮೇಲೆ ಸಿಗಲಿಲ್ಲ. ಈ ಕೊನೆಯ ಸಂಗತಿಯನ್ನು ಗ್ರಂಥಕಾರ ದಪ್ಪ ಅಕ್ಷರದಲ್ಲಿ ಬರೆಯಬಯಸುತ್ತಾನೆ. ಹೆಣ ಮುಟ್ಟಲು ಹೆದರಿ, ಹೆಗಲು ಕೊಡಲು ಹೆದರಿ, ಊರ ಹೊರಗಿನಿಂದಲೇ ಕೈಮುಗಿದ ಊರುಗಳಿಗೆ ಅದು ಬಹಳ ತಡವಾಗಿ ತಲುಪಿತು. ಎಷ್ಟೋ ಊರುಗಳಿಗೆ ತಲುಪಲೇ ಇಲ್ಲ.

ಬೇರೆ ದೇಶಗಳಲ್ಲಿ ತೆರೆದು ನೋಡಿದವರು ಹೆಚ್ಚು. ಇಟಲಿಯ ಟ್ರಿಯೆಸ್ಟೆಯಲ್ಲಿ 41 ಮಂದಿಯ ಅಂಗಾಂಶ ನೋಡಿದ ಸಂಶೋಧಕರ ವರದಿ 2020ರ ನವೆಂಬರಿನಲ್ಲಿ ಬಂತು. ಹೆಚ್ಚಿನವರ ಪುಪ್ಪುಸದಲ್ಲಿ ಅಕ್ಕಪಕ್ಕದ ಕೋಶಗಳು ಒಂದಕ್ಕೊಂದು ಬೆಸೆದು ಹಲವು ಕೋಶಕೇಂದ್ರಗಳುಳ್ಳ ವಿಚಿತ್ರ ಗಾತ್ರದ ಕೋಶಗಳಾಗಿದ್ದವು. 29 ಮಂದಿಯಲ್ಲಿ ರಕ್ತದ ಹೆಪ್ಪು. ಅದಕ್ಕೂ ಮೊದಲು ಬಂದಿದ್ದ ಇನ್ನೊಂದು ಹೋಲಿಕೆ ಕುತೂಹಲದ್ದು: ಕೋವಿಡ್‌ನಿಂದ ಸತ್ತ ಏಳು ಮಂದಿಯ ಪುಪ್ಪುಸವನ್ನು ಫ್ಲೂನಿಂದ ಸತ್ತ ಏಳು ಮಂದಿಯದರೊಂದಿಗೆ ಇಟ್ಟು ನೋಡಿದಾಗ, ಫ್ಲೂ ಪುಪ್ಪುಸವೇ ಹೆಚ್ಚು ಭಾರವಿತ್ತು. ಕೋವಿಡ್ ಪುಪ್ಪುಸದಲ್ಲಿ ಕೂದಲಿಗಿಂತ ಸಣ್ಣ ನಾಳಗಳೊಳಗಿನ ಹೆಪ್ಪು ಮಾತ್ರ ಒಂಬತ್ತು ಪಟ್ಟು. ಅಂದರೆ ಫ್ಲೂನಲ್ಲಿ ಗೂಡು ನೀರು ತುಂಬಿ ಮುಳುಗುತ್ತದೆ; ಕೋವಿಡ್‌ನಲ್ಲಿ ಗೂಡೂ ಮುಳುಗುತ್ತದೆ, ಗೂಡಿಗೆ ಬರುವ ರಕ್ತದ ಹಾದಿಯೂ ಕಟ್ಟುತ್ತದೆ. ಮುಂದೆ ದವಾಖಾನೆಗಳಲ್ಲಿ ಹೊಟ್ಟೆಗೆ ಚುಚ್ಚುತ್ತಿದ್ದ ಹೆಪ್ಪುತಡೆಯುವ ಇಂಜೆಕ್ಷನ್ನಿಗೆ ಬಲವಾದ ಸಾಕ್ಷಿ ಸಿಕ್ಕಿದ್ದು ಹೀಗೆ ತೆರೆದು ನೋಡಿದ ಪುಪ್ಪುಸಗಳಿಂದ. ತೆರೆದು ನೋಡುವುದಕ್ಕೆ ಪ್ರಯೋಜನವೇನು ಎನ್ನುವ ಪೂರ್ವಪಕ್ಷಕ್ಕೆ ಇಷ್ಟು ಉತ್ತರ ಸಾಕು.

ಹಿಂದೆ ಬಾಕಿಯಿಟ್ಟ ಕಾಲವಿಭಾಗ ಈಗ. ಮೊದಲ ವಾರ ಸ್ರಾವದ್ದು: ನಾಳದ ಗೋಡೆ ಸೋರಿ, ಪ್ರೋಟೀನು ತುಂಬಿದ ನೀರು ಗೂಡಿಗೆ ಇಳಿಯುತ್ತದೆ, ಸತ್ತ ಕೋಶಗಳ ಚೂರೂ ಅದೂ ಸೇರಿ ಗೂಡಿನ ಒಳಗೋಡೆಗೆ ಗಾಜಿನಂಥ ಪೊರೆ ಹಿಡಿಯುತ್ತದೆ. ಆಮೇಲಿನದು ರಿಪೇರಿಯದ್ದು: ಉಳಿದ ಕೋಶಗಳು ದಂಡಿಯಾಗಿ ಬೆಳೆಯುತ್ತವೆ, ನಾರು ಹೆಣೆಯುವ ಕೋಶಗಳು ನುಗ್ಗುತ್ತವೆ. ಮೂರನೆಯದು ನಾರಿನದ್ದು: ರಿಪೇರಿ ನಿಲ್ಲದೆ ಗೂಡೇ ನಾರುಗಟ್ಟಿ ಹೋಗುತ್ತದೆ. ಗಾಜಿನ ಪೊರೆ ಹಿಡಿದ ಗೂಡಿಗೆ ಸಿಲಿಂಡರಿನಿಂದ ಎಷ್ಟು ಆಮ್ಲಜನಕ ಬಿಟ್ಟರೂ ಪರದೆ ದಾಟುವುದು ಕಷ್ಟ. ‘ಗ್ಯಾಸ್ ಹಚ್ಚಿದ್ರೂ ಯಾಕ ಉಳೀಲಿಲ್ಲ’ ಎಂದು ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಬಂದವರು ಕೇಳಿದ ಪ್ರಶ್ನೆಗೆ ಒಂದು ಉತ್ತರ ಇದು. ಯಾರೂ ಅವರಿಗೆ ಕೂಡಿಸಿ ಹೇಳಲಿಲ್ಲ.

ಪ್ರತ್ಯಕ್ಷಕ್ಕೂ ಮಿತಿಯಿದೆ ಎನ್ನುವುದನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಈ ಗಾಜಿನ ಪೊರೆ ಕೋವಿಡ್ಡಿನ ಸ್ವಂತ ಆಸ್ತಿಯಲ್ಲ. ಫ್ಲೂನಲ್ಲೂ ಬರುತ್ತದೆ, 2003ರ ಸಾರ್ಸ್‌ನಲ್ಲೂ ಬಂದಿತ್ತು, ರಕ್ತಕ್ಕೆ ನಂಜೇರಿದರೂ ಬರುತ್ತದೆ, ಹೊಲದ ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೂ ಬರುತ್ತದೆ. ಪುಪ್ಪುಸ ನೋಡಿ ಏಟು ಎಂಥದ್ದೆಂದು ಹೇಳಬಹುದು. ಹೊಡೆದವರು ಯಾರೆಂದು ಹೇಳಲು ಬೇರೆ ಸಾಕ್ಷಿ ಬೇಕು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಆಮೇಲೆ ಮನುಷ್ಯರೂ ಸತ್ತಾಗ, ಸತ್ತವರಲ್ಲಿ ಮೂವರ ಶವಪರೀಕ್ಷೆ ಮಾಡಿ 1959ರಲ್ಲಿ ಪ್ರಕಟಿಸಿದ್ದರು. ಜೀಪು ಹೋಗುವ ದಾರಿಯೂ ಸರಿಯಿಲ್ಲದ ಕಾಲ ಅದು. ಅರವತ್ತು ವರ್ಷದ ಮೇಲೆ ನಾಲ್ಕು ಪಥದ ಹೆದ್ದಾರಿ ಇದ್ದೂ ನಾವು ಹಿಂಜರಿದೆವು.

ಅನುಮಾನ ಪುಪ್ಪುಸ

ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯುವುದು ಅನುಮಾನ. ಸಿಟಿ ಸ್ಕ್ಯಾನಿನ ಹಾಳೆಯಲ್ಲಿ ಕಪ್ಪಗಿರಬೇಕಾದ ಕಡೆ ಮಸುಕು ಬಿಳುಪು ಕಂಡರೆ ಗೂಡಿನಲ್ಲಿ ನೀರು ಇದೆಯೆಂದು ತಿಳಿಯುವುದೂ ಅದೇ ಜಾತಿ. 2021ರಲ್ಲಿ ಹಳ್ಳಿಗಳನ್ನು ಆಳಿದ್ದು ಈ ಪುಪ್ಪುಸವೇ.

ಲೆಕ್ಕ ಸರಳ. ಹಾಲೆ ಐದು, ಒಂದೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 25. ಏಳರೊಳಗೆ ಸೌಮ್ಯ, ಎಂಟರಿಂದ ಹದಿನೇಳು ಮಧ್ಯಮ, ಹದಿನೇಳು ದಾಟಿದರೆ ತೀವ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಓದಿ ಪಳಗಿದ ಊರಿಗೆ ಇದು ತಲೆಕೆಳಗಾದ ಪರೀಕ್ಷೆ: ಸೊನ್ನೆ ಬಂದವನೇ ಮೊದಲನೇ ದರ್ಜೆ. ‘ನಮ್ಮ ಅಣ್ಣಂದು ಇಪ್ಪತ್ತೊಂದು ಬಂದೈತ್ರಿ’ ಎಂದು ಫೋನಿನಲ್ಲಿ ಹೇಳುವಾಗ ಅಳುವ ಬದಲು ಒಂದು ಥರದ ದೊಡ್ಡಸ್ತಿಕೆಯೂ ದನಿಯಲ್ಲಿ ನುಸುಳುತ್ತಿದ್ದುದನ್ನು ಗ್ರಂಥಕಾರ ಕಿವಿಯಾರೆ ಕೇಳಿದ್ದಾನೆ. ತಪ್ಪು ಹೇಳುವಂತಿಲ್ಲ. ಎದೆಯೊಳಗಿನದು ಕಾಣದೆ ಕಂಗಾಲಾದವರಿಗೆ ಒಂದು ಅಂಕಿ ಸಿಕ್ಕಿತ್ತು, ಹಿಡಿದುಕೊಂಡರು.

ಆ ಅಂಕಿಗೆ ಬೆಲೆಯೂ ಇತ್ತು. ಮನಸ್ಸಿಗೆ ಬಂದಷ್ಟು ಕೀಳುತ್ತಿದ್ದುದನ್ನು ತಡೆಯಲು 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬಿಪಿಎಲ್ ಕಾರ್ಡಿನವರಿಗೆ ಸ್ಕ್ಯಾನಿನ ದರ 1,500 ರೂಪಾಯಿ ಮೀರಬಾರದೆಂದು ಕಟ್ಟು ಹಾಕಿತು. ಹುಬ್ಬಳ್ಳಿಗೆ ಹೋಗಿಬರುವ ಗಾಡಿಗೆ ಯಾರೂ ಕಟ್ಟು ಹಾಕಲಿಲ್ಲ. ಲಾಕ್‌ಡೌನಿನಲ್ಲಿ ಕಲಘಟಗಿಯ ಕಾಡಂಚಿನಿಂದಲೋ ನವಲಗುಂದದ ಬೆಣ್ಣಿಹಳ್ಳದ ದಂಡೆಯಿಂದಲೋ ಜ್ವರದವರನ್ನು ಕೂರಿಸಿಕೊಳ್ಳಲು ಒಪ್ಪುವ ಗಾಡಿ ಸಿಕ್ಕರೆ ಅದೇ ಪುಣ್ಯ.

ಆಚಾರ್ಯರಲ್ಲೇ ಜಗಳವೂ ಇತ್ತು. ಆ ಮೇ ತಿಂಗಳ ಮೊದಲ ವಾರ ದಿಲ್ಲಿಯ ಏಮ್ಸ್ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ, ಒಂದು ಸಿಟಿ ಸ್ಕ್ಯಾನ್ 300ರಿಂದ 400 ಎಕ್ಸ್‌ರೇಗೆ ಸಮ, ಸೌಮ್ಯ ರೋಗಕ್ಕೆ ಅದು ಬೇಡ ಎಂದರು. ಎಕ್ಸ್‌ರೇ ಶಾಸ್ತ್ರಜ್ಞರ ಸಂಘ, ಅದು ಹಳೆಯ ಯಂತ್ರಗಳ ಲೆಕ್ಕ ಎಂದು ಎದುರುನುಡಿಯಿತು. ಕಟ್ಟೆ ಎರಡೂ ಕಡೆ ಹಂಚಿಹೋಯಿತು. ಸ್ಕ್ಯಾನ್ ಮಾಡಿಸಿದವರೆಲ್ಲ ಒಂದು ಕಡೆ, ಗಾಡಿ ಸಿಗದವರೆಲ್ಲ ಇನ್ನೊಂದು ಕಡೆ.

ನೈಯಾಯಿಕರು ಹೇತ್ವಾಭಾಸ ಎಂದು ಒಂದು ದೋಷ ಹೇಳುತ್ತಾರೆ: ಮಂಜನ್ನು ಹೊಗೆಯೆಂದು ತಿಳಿದು ಬೆಂಕಿ ಊಹಿಸುವುದು. ಹಳೆಯ ಕ್ಷಯದ ಕಲೆ, ನಾಲ್ಕು ದಶಕದ ಬೀಡಿ, ಹತ್ತಿ ಜಿನ್ನಿನ ಧೂಳು ಇವೆಲ್ಲ ನಮ್ಮ ಕಡೆಯ ಎದೆಗಳಲ್ಲಿ ಮೊದಲೇ ಬರೆದಿಟ್ಟ ಬರಹ. ಸೂರ್ಯನಿಗೆ ಹಿಡಿದು ನೋಡಿದರೆ ಮಂಜು ಯಾವುದು, ಹೊಗೆ ಯಾವುದು ತಿಳಿಯುವುದಿಲ್ಲ. ಆದರೂ ಹಿಡಿದು ನೋಡಿದೆವು.

ಅನುಮಾನದ ಉಪಜಾತಿ ಬೆರಳಿನದು. ಆಶಾ ಕಾರ್ಯಕರ್ತೆ ಬೆರಳಿಗೆ ಸಿಕ್ಕಿಸಿದ ಸಣ್ಣ ಯಂತ್ರ 94ರ ಕೆಳಗೆ ತೋರಿಸಿದರೆ ಪುಪ್ಪುಸಕ್ಕೆ ಏಟು ಬಿದ್ದಿದೆ ಎಂದು ಊಹೆ. ಈ ರೋಗದ ಒಂದು ಮೋಸ, ಆಮ್ಲಜನಕ ಪಾತಾಳಕ್ಕೆ ಇಳಿದರೂ ಕೆಲವರಿಗೆ ದಮ್ಮು ಹತ್ತುವುದಿಲ್ಲ. ಕೂತು ಎಲೆಯಡಿಕೆ ಹಾಕುತ್ತಲೇ ಇರುತ್ತಾರೆ.

‘ಯಜ್ಜಾ, ಎಂಬತ್ತೆರಡು ಐತ್ರಿ. ಏಳ್ರಿ, ದವಾಖಾನಿಗೆ ಹೋಗೂಣು.’

‘ನಿಮ್ಮ ಮಸೀನು ಸುಳ್ಳು ಹೇಳತೈತವಾ. ನನಗ ಇನ್ನೂ ಎಪ್ಪತ್ತು ತುಂಬಿಲ್ಲ.’

ಇಂಥ ಯಜ್ಜಂದಿರು ಊರಿಗೊಬ್ಬರಾದರೂ ಇದ್ದರು. ಆ ಹೆಣ್ಣುಮಗಳು ನಾಲ್ಕು ಸಲ ಬಾಗಿಲಿಗೆ ಹೋಗಿ, ಬೈಸಿಕೊಂಡು, ಕಡೆಗೆ ಮಗನನ್ನು ಕಾಡಿ ಗಾಡಿ ಹತ್ತಿಸಿದ್ದರಿಂದ ಉಳಿದವರೂ ಇದ್ದಾರೆ. ಆರು ಪ್ರಮಾಣಗಳಿಗೂ ಸಿಗದ ಪುಣ್ಯ ಅದು.

ಉಪಮಾನ ಪುಪ್ಪುಸ

ಬೆಂಗಳೂರಿನ ವರದಿಯಲ್ಲಿ ಹೋಲಿಕೆಗೆ ಬಂದ ಚರ್ಮದ ಚೆಂಡು ಕಟ್ಟೆಗೆ ಬರುವಷ್ಟರಲ್ಲಿ ಕಲ್ಲಾಗಿತ್ತು. ಈ ಜಾತಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆದರೆ ಗ್ರಂಥಗೌರವಕ್ಕೆ ಕುಂದು.

ಶಬ್ದ ಪುಪ್ಪುಸ

ನಂಬತಕ್ಕವರು ಹೇಳಿದ್ದರಿಂದ ತಿಳಿಯುವಂಥದ್ದು ಇದು. ನಂಬತಕ್ಕವರು ಯಾರು ಎಂಬುದರ ಮೇಲೆ ಒಳಭೇದಗಳು. ಹುಬ್ಬಳ್ಳಿಯ ಮೆಡಿಕಲ್ ಶಾಪಿನಲ್ಲಿ ಅಳಿಯ ಕೆಲಸಕ್ಕಿದ್ದಾನೆ ಎನ್ನುವವನ ಮಾತು ಮೊದಲನೆಯದು. ಮೊಬೈಲಿಗೆ ಬಂದ, ಹೇಳಿದ ವೈದ್ಯರ ಹೆಸರಿರದ, ಆದರೆ ಏಳು ಜನಕ್ಕೆ ಕಳಿಸದಿದ್ದರೆ ಪಾಪ ಬರುವ ಮಾತು ಎರಡನೆಯದು. ಕುಂದಗೋಳದ ಮೆಣಸಿನಕಾಯಿ ಘಾಟು ಕುಡಿದ ಎದೆಗೆ ಯಾವ ವೈರಸ್ಸೂ ನಿಲ್ಲುವುದಿಲ್ಲ ಎನ್ನುವ ದೇಶಾಭಿಮಾನದ ಮಾತು ಮೂರನೆಯದು. ಕುಂದಗೋಳ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಉಸಿರಿನ ವಿಷಯದಲ್ಲಿ ಆ ಊರಿಗೆ ಸ್ವಲ್ಪ ಅಭಿಮಾನ ಇದ್ದರೆ ಕ್ಷಮಿಸಬೇಕು.

ನಾಲ್ಕನೆಯದು ಸರ್ಕಾರಿ ಶಬ್ದ. ಮೊದಲ ಅಲೆಯ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯ ದಿನದ ವರದಿ ಸತ್ತವರಿಗೆ ಸಂಖ್ಯೆ ಕೊಡುತ್ತಿತ್ತು. ಸಂಖ್ಯೆಯ ಮುಂದೆ ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಜ್ವರ-ಕೆಮ್ಮು-ಉಸಿರಾಟದ ತೊಂದರೆ, ಆಮೇಲೆ ಬಿಪಿ, ಶುಗರ್. ಸೋಂಕಿನ ಮೂಲದ ಅಂಕಣದಲ್ಲಿ ‘ಐಎಲ್‌ಐ’ ಅಥವಾ ‘ಸಾರಿ’. ಮೊದಲಿನದು ಫ್ಲೂನಂಥ ಕಾಯಿಲೆ, ಎರಡನೆಯದು ತೀವ್ರ ಉಸಿರಾಟದ ಸೋಂಕು. ಒಬ್ಬ ಮನುಷ್ಯನ ಎದೆಯ ಚರಿತ್ರೆ ಒಂದೇ ಸಾಲು. ಆ ಸಾಲಾದರೂ ಇತ್ತಲ್ಲ ಎಂದು ಮುಂದೆ ಅನ್ನಿಸಲಿದೆ.

ಅರ್ಥಾಪತ್ತಿ ಪುಪ್ಪುಸ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಮೀಮಾಂಸಕರ ಈ ಹಳೆಯ ಉದಾಹರಣೆಯನ್ನು ನಮ್ಮ ಕಾಲಕ್ಕೆ ತಂದರೆ ಹೀಗೆ: ಗಂಟಲು ದ್ರವದ ಪರೀಕ್ಷೆಯಲ್ಲಿ ದೇವದತ್ತನಿಗೆ ನೆಗೆಟಿವ್, ಆದರೂ ಉಸಿರು ನಿಲ್ಲುತ್ತಿದೆ, ಹಾಗಾದರೆ ವೈರಸ್ ಗಂಟಲು ಬಿಟ್ಟು ‘ಲಂಗ್ಸಿಗೆ ಇಳದೈತಿ’. ಇದು ಎಷ್ಟೋ ಸಲ ನಿಜವೂ ಆಗಿತ್ತು. ರೋಗ ಬಲಿತ ಮೇಲೆ ಗಂಟಲಿನ ಕಡ್ಡಿಗೆ ವೈರಸ್ ಸಿಗದೆ ಹೋಗುವುದುಂಟು. ಆದರೆ ಕಾಗದದ ದೃಷ್ಟಿಯಲ್ಲಿ ದೇವದತ್ತ ನೆಗೆಟಿವ್. ಪರಿಹಾರದ ಅರ್ಜಿ ಹಿಡಿದು ತಹಶೀಲ್ದಾರ ಕಚೇರಿಗೆ ಹೋದ ಎಷ್ಟೋ ಹೆಂಡಂದಿರಿಗೆ ಗೋಡೆಯಾಗಿ ನಿಂತದ್ದು ಈ ಒಂದು ಪದ.

ಅನುಪಲಬ್ಧಿ ಪುಪ್ಪುಸ

ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಕಾಣದಿರುವುದನ್ನೇ ಪ್ರಮಾಣ ಮಾಡಿಕೊಳ್ಳುವ ಈ ಪದ್ಧತಿಯನ್ನು ಮೀಮಾಂಸಕರಿಗಿಂತ ಸರ್ಕಾರಗಳು ಚೆನ್ನಾಗಿ ಅರಗಿಸಿಕೊಂಡಿವೆ. 2021ರ ಮೇ 2-3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಸತ್ತರು. ಆಮ್ಲಜನಕ ಸಾಲದೆ ಎಂದು ನಾಡೇ ಮಾತಾಡಿತು, ಹೈಕೋರ್ಟು ಸಮಿತಿ ಕಳಿಸಿತು. ಅದೇ ವರ್ಷ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರ: ಆಮ್ಲಜನಕದ ಕೊರತೆಯಿಂದ ಸತ್ತರೆಂದು ರಾಜ್ಯಗಳು ಪ್ರತ್ಯೇಕವಾಗಿ ವರದಿ ಮಾಡಿಲ್ಲ. ಕಾಗದದಲ್ಲಿ ಕಾಣಲಿಲ್ಲ, ಆದ್ದರಿಂದ ಇಲ್ಲ.

ನೂರು ವರ್ಷ ಹಿಂದಕ್ಕೆ ಹೋದರೂ ಇದೇ. 1918ರ ಇನ್‌ಫ್ಲುಯೆಂಜಾ ಮುಂಬಯಿಯಿಂದ ರೈಲು ಹಿಡಿದು ಒಳನಾಡಿಗೆ ಹೊರಟಿತು. ಧಾರವಾಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಪ್ರಾಂತದಲ್ಲಿ ಆ ವರ್ಷ ಹತ್ತು ಲಕ್ಷದ ಆಸುಪಾಸು ಮಂದಿ ಸತ್ತರೆಂದು ಅಂದಿನ ಅಂದಾಜು. ಅಣ್ಣಿಗೇರಿ, ಕುಂದಗೋಳಕ್ಕೆ ರೈಲಿತ್ತು. ನವಲಗುಂದ, ಕಲಘಟಗಿಗೆ ಇಂದಿಗೂ ಇಲ್ಲ. ರೋಗ ಯಾವ ಊರಿಗೆ ಮೊದಲು ಇಳಿಯಿತು ಎಂದು ಬೇಕಾದರೆ ಅರ್ಥಾಪತ್ತಿ ಮಾಡಿಕೊಳ್ಳಿ, ಪ್ರತ್ಯಕ್ಷ ಕೇಳಬೇಡಿ. ಹಳ್ಳಿಯ ದಫ್ತರಗಳು ಇಂಥ ಸಾವುಗಳಿಗೆ ಕೊಡುತ್ತಿದ್ದ ಹೆಸರು ಬಹುಮಟ್ಟಿಗೆ ಒಂದೇ: ‘ಜ್ವರ’.

ಅದೇ 1918ರ ಸೆಪ್ಟೆಂಬರಿನಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಶಿಬಿರವೊಂದರಲ್ಲಿ ಸತ್ತ ಸಿಪಾಯಿಯ ಪುಪ್ಪುಸದ ಚೂರನ್ನು ಮೇಣದಲ್ಲಿ ಹೂತು ಕಪಾಟಿನಲ್ಲಿಟ್ಟಿದ್ದರು. ಸುಮಾರು ಎಂಬತ್ತು ವರ್ಷದ ಮೇಲೆ ಜೆಫ್ರಿ ಟೌಬೆನ್‌ಬರ್ಗರ್ ತಂಡ ಅದನ್ನು ತೆಗೆದು, ವೈರಸ್ಸಿನ ತುಣುಕುಗಳನ್ನು ಓದಿ 1997ರಲ್ಲಿ ಪ್ರಕಟಿಸಿತು. ಅದೇ ವರ್ಷ ಯೋಹಾನ್ ಹಲ್ಟಿನ್ ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯ ಹಿಮದ ನೆಲ ಅಗೆದು ಅದೇ ರೋಗದಿಂದ ಸತ್ತ ಒಬ್ಬ ಹೆಂಗಸಿನ ಪುಪ್ಪುಸ ತಂದರು. 2005ರ ಹೊತ್ತಿಗೆ ವೈರಸ್ಸಿನ ಪೂರ್ತಿ ಬರಹ ಸಿಕ್ಕಿತು. ನಮ್ಮ ಎರಿ ಭೂಮಿ ಹಾಗೆ ಕಾಪಾಡುವುದಿಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಕುಡಿದು ಉಬ್ಬುತ್ತದೆ, ಮೆತ್ತಗಿನದೆಲ್ಲ ಕರಗಿಸಿಬಿಡುತ್ತದೆ. 2010ರಲ್ಲಿ ಅಣ್ಣಿಗೇರಿಯ ಚರಂಡಿಯಲ್ಲಿ ನೂರಾರು ತಲೆಬುರುಡೆಗಳು ಸಿಕ್ಕಾಗ ಕಾಲನಿರ್ಣಯಕ್ಕೆ ಪ್ರಯೋಗಾಲಯಗಳಿಗೆ ಕಳಿಸಿದರು, ಬರವೋ ಯುದ್ಧವೋ ಎಂದು ಪಂಡಿತರು ವಾದಿಸಿದರು. ಎಲುಬು ಉಳಿದರೂ ಸಾವಿನ ಕಾರಣ ಹೇಳುವುದು ಅಷ್ಟು ಕಷ್ಟ. ಪುಪ್ಪುಸ ಉಳಿಯುವುದೇ ಇಲ್ಲ, ಕಾಗದವಾದರೂ ಉಳಿಯಬೇಕು.

ಕಾಗದದ ಸ್ಥಿತಿ ಕೇಳಿ. 2020ರಲ್ಲಿ ಭಾರತದಲ್ಲಿ ನೋಂದಾಯಿಸಿದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5ರಷ್ಟಕ್ಕೆ ಮಾತ್ರ. ಮಿಕ್ಕ ಮುಕ್ಕಾಲಕ್ಕೂ ಹೆಚ್ಚಿನವು ಅನುಪಲಬ್ಧಿ. ದೃಢೀಕರಿಸಿದ್ದರಲ್ಲೂ ‘ಹೃದಯ ಮತ್ತು ಉಸಿರಾಟ ನಿಂತು ಸಾವು’ ಎಂದು ಬರೆದು ಕೈತೊಳೆದುಕೊಂಡದ್ದು ಎಷ್ಟೋ. ಸತ್ತವರೆಲ್ಲರಿಗೂ ಹೃದಯವೂ ಉಸಿರೂ ನಿಂತೇ ಇರುತ್ತದೆ. ಅದು ಕಾರಣವಲ್ಲ, ಸಾವಿನ ರೀತಿ ಮಾತ್ರ. ಅದೊಂದನ್ನೇ ಬರೆಯಕೂಡದೆಂದು ವೈದ್ಯರಿಗೆ ಕೊಟ್ಟ ಸೂಚನೆಯಲ್ಲೇ ಇದೆ.

ಆದ್ದರಿಂದ ಅಧಿಕಾರಿಗಳಾದ ಓದುಗರಲ್ಲಿ ಒಂದು ಬಿನ್ನಹ. ಜನನ ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದವಾಖಾನೆಯಲ್ಲಿ ಯಾರಾದರೂ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರವನ್ನು ದುಡ್ಡು ತಗೊಳ್ಳದೆ ನೋಂದಣಿ ಅಧಿಕಾರಿಗೆ ಕಳಿಸಬೇಕು, ಒಂದು ಪ್ರತಿ ಹತ್ತಿರದ ಸಂಬಂಧಿಗೆ ಕೊಡಬೇಕು. ಮನೆಯಲ್ಲಿ ತೀರಿಕೊಂಡರೆ, ಕೊನೆಯ ಕಾಯಿಲೆಗೆ ಮದ್ದು ಕೊಟ್ಟ ವೈದ್ಯರು ಕೊಡಬೇಕು. ದವಾಖಾನೆಯದು ನಮೂನೆ 4, ಮನೆಯದು ನಮೂನೆ 4ಎ. ಮಣ್ಣಿಗೆ ಹೋಗಿ ಬಂದ ಮೇಲೆ, ದಿನಕರ್ಮಗಳ ಗಡಿಬಿಡಿ ಮುಗಿದ ಮೇಲೆ, ಮರೆಯದೆ ಹೋಗಿ ಆ ಹಾಳೆ ಕೇಳಿ ತಗೊಳ್ಳಿ. ಅದರಲ್ಲಿ ‘ಉಸಿರಾಟ ನಿಂತು’ ಎಂದಷ್ಟೇ ಇದ್ದರೆ, ಯಾಕೆ ನಿಂತಿತು ಎಂದು ಡಾಕ್ಟರರನ್ನು ಕೇಳಿ ಬರೆಸಿಕೊಳ್ಳಿ.